ಹುಡುಗರ ಹೆಗಲ ಮೇಲೆ ಬಂದೂಕು

ಗಲಭೆಯ ಕಾಲದಲ್ಲಿ ಪೋಲೀಸರನ್ನು ನಂಬಿ ಕೂರುವುದು ಹೇಗೆ, ನಮ್ಮ ಬೀದಿಯ ಹುಡುಗರೇ ಆಯುಧ ಹಿಡಿದು ಅಂಗಡಿಗಳಿಗೆ ಕಾವಲು ನಿಂತರೆ ತಪ್ಪೇನು ಎಂಬ ಮಾತು ಪೇಟೆಯಲ್ಲಿ ಆಗಾಗ್ಗೆ ಏಳುತ್ತದೆ. ಅಂಗಡಿಗೆ ಬೆಂಕಿ ಬಿದ್ದುದನ್ನು ಕಣ್ಣಾರೆ ಕಂಡವರು ಹೀಗೆ ಕೇಳಿದರೆ ಅವರನ್ನು ಹೀಯಾಳಿಸಿ ಪ್ರಯೋಜನವಿಲ್ಲ. ಸಾಲ ಮಾಡಿ ತುಂಬಿಸಿದ ಸರಕು ಅದು. ಆದರೆ ಉತ್ತರ ಹೇಳುವ ಮೊದಲು, ಇದನ್ನು ಮಾಡಿಯೇ ನೋಡಿದ ಊರೊಂದರ ಸಂಗತಿಯನ್ನು ಓದುಗರ ಮುಂದಿಡಬಯಸುತ್ತೇವೆ.

ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ ಕೆನೋಶಾ ಎಂಬ ಊರಿದೆ. ಅದೂ ಕಾರ್ಖಾನೆಯನ್ನು ನಂಬಿ ಬೆಳೆದ ಊರೇ. ತಲೆಮಾರುಗಳ ಕಾಲ ಅಲ್ಲಿ ಮೋಟಾರು ಕಾರುಗಳು ತಯಾರಾದವು. 1988ರಲ್ಲಿ ಕ್ರೈಸ್ಲರ್ ಕಂಪನಿ ಕಾರು ಜೋಡಿಸುವ ಕೆಲಸ ನಿಲ್ಲಿಸಿ ಸಾವಿರಾರು ಕೂಲಿಕಾರರನ್ನು ಮನೆಗೆ ಕಳುಹಿಸಿತು. 2010ರಲ್ಲಿ ಉಳಿದಿದ್ದ ಎಂಜಿನ್ ಕಾರ್ಖಾನೆಗೂ ಬೀಗ ಬಿತ್ತು. ಗಿರಣಿಯ ಭೋಂಗಾ ನಿಂತುಹೋದ ಊರಿನ ಬೀದಿಗಳು ಹೇಗಿರುತ್ತವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

2020ರ ಆಗಸ್ಟ್ 23ರಂದು ಆ ಊರಿನಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ಜನಾಂಗದ ಯುವಕನ ಮೇಲೆ ಪೋಲೀಸನೊಬ್ಬ ಹತ್ತಿರದಿಂದ 7 ಸಲ ಗುಂಡು ಹಾರಿಸಿದ. ಯುವಕ ಬದುಕಿದ, ಕಾಲುಗಳ ಸ್ವಾಧೀನ ಹೋಯಿತು. ಗುಂಡು ಹಾರಿಸಿದವನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಜನ ಬೀದಿಗಿಳಿದರು, ರಾತ್ರಿಯಾದ ಮೇಲೆ ಕಟ್ಟಡಗಳೂ ಮಾರಾಟಕ್ಕಿಟ್ಟ ಕಾರುಗಳೂ ಹೊತ್ತಿ ಉರಿದವು. ಮೂರನೆಯ ರಾತ್ರಿ, 25ರಂದು, ಕರ್ಫ್ಯೂ ಜಾರಿಯಲ್ಲಿದ್ದಾಗಲೇ ಬಂದೂಕು ಹೊತ್ತ ಖಾಸಗಿ ಜನ ಆಸ್ತಿ ರಕ್ಷಣೆಯ ಹೆಸರಿನಲ್ಲಿ ಬೀದಿಯಲ್ಲಿ ನಿಂತರು. ಅವರ ಪೈಕಿ ಕೈಲ್ ರಿಟನ್‌ಹೌಸ್ ಒಬ್ಬ. ಪಕ್ಕದ ಇಲಿನಾಯ್ ರಾಜ್ಯದವನು. ವಯಸ್ಸು 17.

ಅವನ ಹೆಗಲಿಗಿದ್ದದ್ದು ಸೈನ್ಯದ ಬಂದೂಕಿನ ಮಾದರಿಯ ರೈಫಲ್. ವಯಸ್ಸು ಸಾಲದೆಂದು ಅದನ್ನು ಅವನು ತಾನೇ ಕೊಳ್ಳುವಂತಿರಲಿಲ್ಲ. 18 ತುಂಬಿದ ಗೆಳೆಯನೊಬ್ಬ ಇವನ ಹಣದಿಂದ ಕೊಂಡಿದ್ದ. ಆ ಹಣವಾದರೂ ಯಾವುದು? ಕೊರೋನಾ ಕಾಲದಲ್ಲಿ ಕೆಲಸವಿಲ್ಲದವರ ಹೊಟ್ಟೆಗೆಂದು ಸರ್ಕಾರ ಕೊಟ್ಟ ಪರಿಹಾರದ ಹಣ. ಅಕ್ಕಿಬೇಳೆಯ ದುಡ್ಡು ಬಂದೂಕಾಯಿತು.

ನಡುರಾತ್ರಿಯ ಹೊತ್ತಿಗೆ ಇಬ್ಬರು ಸತ್ತಿದ್ದರು, ಮೂರನೆಯವನ ತೋಳು ಛಿದ್ರವಾಗಿತ್ತು. ಮೊದಲು ಸತ್ತವನ ಬಳಿ ಆಯುಧವಿರಲಿಲ್ಲ. ಎರಡನೆಯವನ ಕೈಯಲ್ಲಿದ್ದದ್ದು ಗಾಲಿಗಳುಳ್ಳ ಆಟದ ಹಲಗೆ. ಮೂರನೆಯವನ ಬಳಿ ಪಿಸ್ತೂಲಿತ್ತು. ಹುಡುಗ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದನೆಂಬ ವಾದವನ್ನು ಒಪ್ಪಿ 2021ರ ನವೆಂಬರ್ 19ರಂದು ಪಂಚರು ಅವನನ್ನು ಬಿಡುಗಡೆ ಮಾಡಿದರು. ಆ ತೀರ್ಪಿನ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ನಮ್ಮ ಪ್ರಶ್ನೆ ಅದಕ್ಕಿಂತ ಹಿಂದಿನದು: ಗುಂಡು ಹಾರುವ ಮೊದಲು, ಅಪ್ರಾಪ್ತ ವಯಸ್ಸಿನ ಹುಡುಗ ದೊಂಬಿಯ ಬೀದಿಯಲ್ಲಿ ಬಂದೂಕು ಹಿಡಿದು ನಿಂತದ್ದನ್ನು ಕಾಯಿದೆ ಏನೆಂದು ಕರೆಯಿತು?

ವಿಸ್ಕಾನ್ಸಿನ್ ಶಾಸನದ 948.60ನೇ ಕಲಮು ಮೊದಲ ಓದಿಗೆ ಸ್ಪಷ್ಟವಾಗಿಯೇ ಇದೆ. 18 ತುಂಬದವರು ಅಪಾಯಕಾರಿ ಆಯುಧ ಹೊಂದಕೂಡದು. ಹೊಂದಿದರೆ 9 ತಿಂಗಳವರೆಗೆ ಸೆರೆಮನೆ. ಕೊಟ್ಟವರಿಗೆ ಇನ್ನೂ ಹೆಚ್ಚಿನ ಶಿಕ್ಷೆ. ಆದರೆ ಅದರ ಬಾಲಕ್ಕೆ ಒಂದು ವಿನಾಯತಿ ಅಂಟಿದೆ. ಆಯುಧವು ರೈಫಲ್ ಅಥವಾ ಶಾಟ್‌ಗನ್ ಆಗಿದ್ದರೆ, ಅದು ಗಿಡ್ಡ ನಳಿಗೆಯದಾಗಿದ್ದರೆ ಮಾತ್ರ, ಇಲ್ಲವೆ ಬೇಟೆಯ ಕಲಮುಗಳನ್ನು ಪಾಲಿಸದಿದ್ದರೆ ಮಾತ್ರ ಈ ನಿಷೇಧ ಅನ್ವಯಿಸತಕ್ಕದ್ದು ಎಂದು ಅದರ ತಾತ್ಪರ್ಯ.

ಈ ವಿನಾಯತಿ ಯಾರಿಗಾಗಿ ಎಂಬುದು ಊಹಿಸಲಾರದ್ದಲ್ಲ. ಆ ರಾಜ್ಯದಲ್ಲಿ ಪ್ರತಿ ನವೆಂಬರಿನಲ್ಲಿ ಜಿಂಕೆಯ ಬೇಟೆ ದೊಡ್ಡ ಹಬ್ಬದಂತೆ ನಡೆಯುತ್ತದೆ; ತಂದೆ ಮಗನನ್ನು ಕಾಡಿಗೆ ಕರೆದೊಯ್ದು ಕೋವಿ ಹಿಡಿಯುವುದನ್ನು ಕಲಿಸುತ್ತಾನೆ. ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ ಸಲ್ಲುವುದನ್ನು ಬಲ್ಲ ನಮಗೆ ಇದು ಅರ್ಥವಾಗದ ಮಾತಲ್ಲ. ಕಾಡಿನ ಹುಡುಗನನ್ನು ಅಪರಾಧಿಯಾಗಿಸಬಾರದೆಂದು ಬರೆದ ಸಾಲು, ಪೇಟೆಯ ನಡುಬೀದಿಯಲ್ಲಿ ನಿಂತ ಹುಡುಗನಿಗೆ ಕೊಡೆಯಾಯಿತು.

ಹೇಗೆಂದರೆ, ಬೇಟೆಯ ಕಲಮುಗಳ ಪೈಕಿ ಒಂದು 16 ತುಂಬದವರಿಗೆ ಸಂಬಂಧಿಸಿದ್ದು, ಇವನಿಗೆ 17. ಇನ್ನೊಂದು ಬೇಟೆಯ ಪರವಾನಗಿ ಬೇಕೆನ್ನುವವರು ತರಬೇತಿಯ ಸರ್ಟಿಫಿಕೇಟು ಪಡೆದಿರಬೇಕೆನ್ನುತ್ತದೆ. ಇವನು ಬೇಟೆಗೆ ಹೋದವನೇ ಅಲ್ಲ ಎಂದರು ಅವನ ವಕೀಲರು. ಸರ್ಟಿಫಿಕೇಟು ಇಲ್ಲವೆಂಬುದೇ ತಪ್ಪೆಂದು ಸರ್ಕಾರದ ವಕೀಲರು ವಾದಿಸಿದ್ದು ಫಲಿಸಲಿಲ್ಲ. ಕಡೆಗೆ ಉಳಿದದ್ದು ನಳಿಗೆಯ ಉದ್ದ ಮಾತ್ರ. 16 ಅಂಗುಲಕ್ಕಿಂತ ಗಿಡ್ಡವಾದ ನಳಿಗೆಯೇ? ಅಲ್ಲವೆಂದು ಸರ್ಕಾರದ ಕಡೆಯವರೇ ಒಪ್ಪಿದರು. 2021ರ ನವೆಂಬರ್ 15ರಂದು ನ್ಯಾಯಾಧೀಶ ಬ್ರೂಸ್ ಶ್ರೋಡರ್ ಆ ಆರೋಪವನ್ನು ವಜಾ ಮಾಡಿದರು. ಈ ಕಲಮನ್ನು ಬಿಡಿಸಲು ತಾವು ಗಂಟೆಗಟ್ಟಲೆ ಒದ್ದಾಡಿದ್ದಾಗಿ ಅವರೇ ಹೇಳಿಕೊಂಡಿದ್ದರು. ಕರ್ಫ್ಯೂ ಮುರಿದ ಆರೋಪವೂ ಪುರಾವೆ ಸಾಲದೆಂದು ಬಿದ್ದುಹೋಗಿತ್ತು. ಬಂದೂಕು ಕೊಂಡುಕೊಟ್ಟ ಗೆಳೆಯನ ಮೇಲಿನ ದೊಡ್ಡ ಆರೋಪಗಳೂ ಇದರ ಹಿಂದೆಯೇ ಹೋದವು. 2022ರಲ್ಲಿ 2,000 ಡಾಲರ್ ದಂಡದೊಂದಿಗೆ ಅವನು ಪಾರಾದ.

ಫಲವೇನಾಯಿತು ನೋಡಿ. 17ರ ಹುಡುಗ ಪಿಸ್ತೂಲು ಇಟ್ಟುಕೊಂಡರೆ ಅಪರಾಧ. ಮುಷ್ಟಿಗೆ ತೊಡುವ ಲೋಹದ ಪಟ್ಟಿ ಇಟ್ಟುಕೊಂಡರೂ ಅಪರಾಧ. ಉದ್ದ ನಳಿಗೆಯ ರೈಫಲ್ ಹೊತ್ತು ಬೆಂಕಿ ಹತ್ತಿದ ಬೀದಿಗೆ ಬಂದರೆ ಅಪರಾಧವಲ್ಲ! ನ್ಯಾಯಾಧೀಶರನ್ನು ದೂರಿ ಫಲವಿಲ್ಲ. ಬರೆದಿರುವ ಮಾತು ಅಸ್ಪಷ್ಟವಾಗಿದ್ದಾಗ ಆರೋಪಿಗೆ ಅನುಕೂಲವಾಗುವಂತೆ ಓದಬೇಕೆಂಬುದು ಬಡವನನ್ನೂ ಕಾಯುವ ನಿಯಮ. ದೂರಬೇಕಾದದ್ದು ಇಂಥ ತೂತನ್ನು ಬಿಟ್ಟ ಶಾಸನಸಭೆಯನ್ನು.

ಆದರೆ ಕಾಯಿದೆಯ ಈ ಔದಾರ್ಯ ಎಲ್ಲರ ಪಾಲಿಗೂ ಒಂದೇ ಸಮನೆ? ಆ ರಾತ್ರಿ ಪೋಲೀಸರು ಬಂದೂಕು ಹೊತ್ತವರಿಗೆ ನೀರಿನ ಬಾಟಲಿ ಕೊಟ್ಟು ಕೃತಜ್ಞತೆ ಹೇಳಿದ್ದು ಚಿತ್ರದಲ್ಲಿ ದಾಖಲಾಗಿದೆ. ಗುಂಡು ಹಾರಿಸಿದ ಮೇಲೆ ಈ ಬಿಳಿಯ ಹುಡುಗ ಕೈಯೆತ್ತಿಕೊಂಡು ಪೋಲೀಸ್ ಗಾಡಿಗಳೆದುರಿಗೇ ಬಂದ. ಅವನನ್ನು ಯಾರೂ ಹಿಡಿಯಲಿಲ್ಲ, ಮನೆಗೆ ಹೋಗಿ ತನ್ನ ಊರಿನಲ್ಲಿ ಶರಣಾದ. 2014ರ ನವೆಂಬರ್ 22ರಂದು ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಟಮೀರ್ ರೈಸ್ ಎಂಬ ಕಪ್ಪು ಬಾಲಕನ ಕೈಯಲ್ಲಿದ್ದದ್ದು ಆಟಿಕೆಯ ಪಿಸ್ತೂಲು. ವಯಸ್ಸು 12. ಗಾಡಿ ಬಂದು ನಿಂತ ಎರಡೇ ಸೆಕೆಂಡುಗಳಲ್ಲಿ ಪೋಲೀಸನ ಗುಂಡು ಅವನಿಗೆ ತಗುಲಿತ್ತು.

ಇನ್ನೂ ಹಿಂದಕ್ಕೆ ಹೋದರೆ, 1967ರ ಮೇ 2ರಂದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಕಪ್ಪು ಜನಾಂಗದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹೊತ್ತೇ ನಡೆದುಹೋದರು. ಅಂದಿನ ಕಾಯಿದೆಯಲ್ಲಿ ಬಹಿರಂಗವಾಗಿ ಬಂದೂಕು ಹೊರಲು ಅಡ್ಡಿಯಿರಲಿಲ್ಲ. ಆ ಗುಂಪಿನಲ್ಲಿ ಬಾಬಿ ಹಟನ್ ಎಂಬ ಹುಡುಗನಿದ್ದ, ಅವನಿಗೂ 17. ಮೂರು ತಿಂಗಳು ಕಳೆಯುವಷ್ಟರಲ್ಲಿ, ಜುಲೈಯಲ್ಲಿ, ತುಂಬಿದ ಬಂದೂಕನ್ನು ಊರೊಳಗೆ ಬಹಿರಂಗವಾಗಿ ಹೊರುವುದನ್ನು ನಿಷೇಧಿಸುವ ಮಸೂದೆಗೆ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ಕಪ್ಪು ಕೈಗೆ ಬಂದೂಕು ಬಂದಾಗ ಕಾಯಿದೆಯ ತೂತು ಎಷ್ಟು ಬೇಗ ಮುಚ್ಚಿತು! ಮರುವರ್ಷ ಏಪ್ರಿಲ್ 6ರಂದು ಓಕ್ಲೆಂಡಿನಲ್ಲಿ ಪೋಲೀಸರ ಗುಂಡಿಗೆ ಹಟನ್ ಸತ್ತ. ಶರಣಾಗಿ ಹೊರಬಂದವನನ್ನು ಕೊಂದರೆಂದು ಸಂಗಾತಿಗಳು, ಓಡಲೆತ್ನಿಸಿದನೆಂದು ಪೋಲೀಸರು. 18 ತುಂಬಲು ಅವನಿಗೆ ಎರಡು ವಾರ ಉಳಿದಿತ್ತು.

ವರ್ತಕ ಬಂಧುಗಳಿಗೆ ಒಂದು ಮಾತು. ಕೆನೋಶಾದಲ್ಲಿ ಆ ಹುಡುಗ ಕಾಯಲು ಹೋದದ್ದು ಹಳೇ ಕಾರು ಮಾರುವ ಅಂಗಡಿಯನ್ನು; ಅದನ್ನು ನಡೆಸುತ್ತಿದ್ದದ್ದು ಭಾರತ ಮೂಲದ ಕುಟುಂಬ. ಹಿಂದಿನ ರಾತ್ರಿ ಅವರ ಕಾರುಗಳು ಸುಟ್ಟುಹೋಗಿದ್ದವು. ಆದರೂ ತಾವು ಯಾರನ್ನೂ ಬಂದೂಕು ಹಿಡಿದು ಕಾವಲಿಗೆ ಬರಲು ಕೇಳಿರಲಿಲ್ಲವೆಂದು ಆ ಅಣ್ಣತಮ್ಮಂದಿರು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಕೇಳಿದ್ದರೆಂದು ಇನ್ನೊಬ್ಬ ಸಾಕ್ಷಿ ಹೇಳಿದ. ಯಾರದು ನಿಜವಾದರೂ, ಸುಟ್ಟ ಕಾರುಗಳ ಜೊತೆಗೆ ಅವರ ಅಂಗಳದಲ್ಲಿ ಒಬ್ಬ ಮನುಷ್ಯನ ಹೆಣವೂ ಬಿತ್ತು.

ನಮ್ಮ ದೇಶದಲ್ಲಿ ಕೋವಿಯ ಮಟ್ಟಿಗೆ ಗೆರೆ ಸ್ಪಷ್ಟವಿದೆ. 1959ರ ಶಸ್ತ್ರ ಕಾಯಿದೆಯ 9ನೇ ಕಲಮಿನಂತೆ, ಗೊತ್ತುಪಡಿಸಿದ ತರಬೇತಿಯ ಹೊರತು, 21 ತುಂಬದವರು ಬಂದೂಕು ಹೊಂದುವಂತಿಲ್ಲ. ನಳಿಗೆ ಉದ್ದವೋ ಗಿಡ್ಡವೋ ಎಂಬ ತರ್ಕಕ್ಕೆ ಇಲ್ಲಿ ಎಡೆಯಿಲ್ಲ. ನಮ್ಮ ತೂತು ಕತ್ತಿಯದು. ಕತ್ತಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ ಲೈಸೆನ್ಸು ಬೇಕು. ಉತ್ಸವವೆಂದೂ ಮೆರವಣಿಗೆಯೆಂದೂ ಹೈಸ್ಕೂಲು ಹುಡುಗರ ಕೈಗೆ ಕತ್ತಿ ಕೊಟ್ಟು ಮುಂದೆ ನಡೆಸುವ ಪುಢಾರಿಗಳು ಎಲ್ಲ ಬಣ್ಣದ ಬಾವುಟಗಳ ಕೆಳಗೂ ಇದ್ದಾರೆ. ಅವರ ಸ್ವಂತ ಮಕ್ಕಳು ಆ ಸಾಲಿನಲ್ಲಿ ಕಾಣುವುದು ಅಪರೂಪ.

ಆದರೆ ಇಂಥವರನ್ನು ಹಿಡಿಯಲು ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 83ನೇ ಕಲಮು, 18 ತುಂಬದವರನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ 7 ವರ್ಷದವರೆಗೆ ಕಠಿಣ ಸಜೆಯನ್ನೂ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸುತ್ತದೆ. ಗಲಭೆಯ ಮಾರನೆಯ ದಿನ ಹುಡುಗರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗುವ ಪೋಲೀಸರು ಈ ಕಲಮನ್ನೂ ತೆಗೆದು ಓದಲಿ, ಆಯುಧ ಹಂಚಿದವನ ಮನೆಯ ಬಾಗಿಲನ್ನೂ ತಟ್ಟಲಿ ಎಂದು ನಾವು ಒತ್ತಾಯಿಸುತ್ತೇವೆ. ಬೀದಿ ಕಾಯುವ ಕಾಲ ಬಂದರೆ ವರ್ತಕರ ಸಂಘದ ಹಿರಿಯರೂ ಗಿರಣಿ ಕಾರ್ಮಿಕರ ಸಂಘದ ಹಿರಿಯರೂ ಬರಿಗೈಯಲ್ಲಿ ಒಟ್ಟಿಗೆ ನಿಲ್ಲಲಿ. ನಾವೂ ಅವರೊಂದಿಗೆ ಬರುತ್ತೇವೆ. ಹುಡುಗರು ಮನೆಯಲ್ಲಿರಲಿ.