ನನ್ನ ಹಿಂದಿನ ಕಾರು

2024ರ ಅಕ್ಟೋಬರ್ 7, ಸೋಮವಾರ, ರಾತ್ರಿ ಒಂಬತ್ತೂವರೆ. ಫ್ಲೋರಿಡಾದ ನ್ಯೂ ಟ್ಯಾಂಪಾದಲ್ಲಿರುವ ನಮ್ಮ ಮನೆಯಿಂದ ಎರಡು ಮೈಲಿ ದೂರದ ಪೆಟ್ರೋಲ್ ಬಂಕಿನ ಮುಂದೆ ಸಾಲು ರಸ್ತೆಗೆ ಇಳಿದು, ಸಿಗ್ನಲ್ ದಾಟಿ, ಔಷಧಿ ಅಂಗಡಿಯ ತಿರುವಿನವರೆಗೆ ಹೋಗಿತ್ತು. ಅದರಲ್ಲಿ ನನ್ನದೂ ಒಂದು ಕಾರು. ಪೆಟ್ರೋಲಿನ ಮುಳ್ಳು ಅರ್ಧಕ್ಕಿಂತ ಮೇಲೇ ಇತ್ತು. ಎಲ್ಲಿಗೂ ಹೊರಡುವ ಯೋಚನೆ ಇರಲಿಲ್ಲ. ನಮ್ಮ ಬಡಾವಣೆ ಸಮುದ್ರದಿಂದ ದೂರ, ಮನೆ ಬಿಡಿ ಎಂಬ ಆದೇಶವೂ ನಮಗೆ ಬಂದಿರಲಿಲ್ಲ. ಆದರೂ ಒಂದು ಗಂಟೆಯ ಮೇಲೆ ಅಲ್ಲಿ ನಿಂತೆ. ಎಲ್ಲರೂ ನಿಂತಿದ್ದಾರೆ ಎನ್ನುವುದಷ್ಟೇ ಕಾರಣ.

ನನ್ನ ಸರದಿ ಬಂತು. ಇಪ್ಪತ್ತು ಲೀಟರ್ ಚಿಲ್ಲರೆ ಹಿಡಿಯಿತು. ಮುಚ್ಚಳ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಬಂಕಿನ ಹುಡುಗ ಹೊರಗೆ ಬಂದು ಪಂಪಿನ ಮೂತಿಗೆ ಹಳದಿ ಪ್ಲಾಸ್ಟಿಕ್ ಚೀಲ ಕಟ್ಟಿದ. ಇಲ್ಲಿ ಪೆಟ್ರೋಲ್ ಮುಗಿಯಿತು ಅನ್ನುವುದಕ್ಕೆ ಅದೇ ಗುರುತು. ನನ್ನ ಹಿಂದಿನ ಕಾರಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಹಿಂಬದಿಯ ಸೀಟಿನಲ್ಲಿ ಕಿಟಕಿಯವರೆಗೆ ದಿಂಬು, ಬಟ್ಟೆಗಂಟು, ಅವುಗಳ ನಡುವೆ ಒಂದು ಮುದಿ ನಾಯಿ. ಆ ಅಜ್ಜ ಕಿಟಕಿ ಇಳಿಸಿ, ಮುಂದೆ ಎಲ್ಲಾದರೂ ಸಿಗಬಹುದೇ ಎಂದು ಕೇಳಿದರು. ಪಿನೆಲ್ಲಾಸ್ ಕೌಂಟಿಯ ಕಡಲಂಚಿನವರು. ಹನ್ನೊಂದು ದಿನದ ಹಿಂದೆ ಹೆಲೀನ್ ಚಂಡಮಾರುತದಲ್ಲಿ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತಂತೆ. ಈಗ ಮಿಲ್ಟನ್ ಬರುತ್ತಿದೆ, ಜಾರ್ಜಿಯಾದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ ಎಂದರು. ಗೊತ್ತಿಲ್ಲ ಎಂದೆ. ಅವರು ಸರಿ ಎಂದು ಕಾರು ತಿರುಗಿಸಿದರು.

ಪೆಟ್ರೋಲಿನ ಕೊರತೆ ಎಂದರೆ ನನಗೆ ನೆನಪಾಗುವುದು ಆ ಕಾರಿನ ಕೆಂಪು ಹಿಂದೀಪ.

ಆ ಭಯಕ್ಕೆ ಕಾರಣ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಮಿಲ್ಟನ್ ಹುಟ್ಟಿದ್ದು ಅಕ್ಟೋಬರ್ 5ರ ಶನಿವಾರ. ಸೋಮವಾರದ ಹೊತ್ತಿಗೆ ಅದು ಐದನೇ ದರ್ಜೆಯ ಹರಿಕೇನ್ ಆಗಿ ಗಂಟೆಗೆ 290 ಕಿಲೋಮೀಟರ್ ಗಾಳಿಯೊಂದಿಗೆ ಮೆಕ್ಸಿಕೊ ಕೊಲ್ಲಿಯಲ್ಲಿ ಸುತ್ತುತ್ತಿತ್ತು. ಹೆಲೀನ್ ಹೊಡೆದದ್ದು ನಮ್ಮಿಂದ ಎಷ್ಟೋ ಉತ್ತರಕ್ಕೆ, ಆದರೂ ಉಕ್ಕಿ ಬಂದ ಕಡಲಿಗೆ ಪಿನೆಲ್ಲಾಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ನೆನೆದ ಸೋಫಾ, ಹಾಸಿಗೆ, ಫ್ರಿಜ್ಜುಗಳು ಇನ್ನೂ ಬೀದಿಬದಿಯಲ್ಲೇ ರಾಶಿ ಬಿದ್ದಿದ್ದವು. ತಗ್ಗು ವಲಯದಲ್ಲಿ ಉಳಿದರೆ ಸಾಯುತ್ತೀರಿ ಎಂದು ಟ್ಯಾಂಪಾದ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ನೇರವಾಗಿ ಹೇಳಿದ್ದರು. ಅತ್ತ ಹಾಸನದಿಂದ ಅಮ್ಮನ ಫೋನು: “ಪೆಟ್ರೋಲ್ ಹಾಕಿಸಿಟ್ಕೊಂಡ್ಯೇನೋ? ಟೀವೀಲಿ ಏನೇನೋ ತೋರಿಸ್ತಿದಾರೆ.” ನವರಾತ್ರಿ ನಡೆಯುತ್ತಿತ್ತು. ಕನ್ನಡದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ದಿನದವರೆಗೆ ಗೊಂಬೆ ಕೂರಿಸಿದ ಚಿತ್ರಗಳು ಬರುತ್ತಿದ್ದವು. ಆವತ್ತು ಬರೀ ಬಂಕುಗಳ ಹೆಸರು: ಇಲ್ಲಿದೆ, ಅಲ್ಲಿಲ್ಲ, ಬೇಗ ಹೋಗಿ. ಆ ಒಂದೊಂದು ‘ಬೇಗ ಹೋಗಿ’ಯೂ ಹತ್ತು ಕಾರುಗಳನ್ನು ಸಾಲಿಗೆ ತಂದು ನಿಲ್ಲಿಸಿತು. ಅದರಲ್ಲಿ ನನ್ನದೂ ಸೇರಿತ್ತು.

ಲೆಕ್ಕ ಹಾಕಿ ನೋಡೋಣ. ಬಂಕಿಗೆ ಬರುವ ಒಂದು ಟ್ಯಾಂಕರ್ ಲಾರಿ ತರುವುದು ಸುಮಾರು 32 ಸಾವಿರ ಲೀಟರ್. ಕಾರಿಗೆ 40 ಲೀಟರಿನಂತೆ ಹಾಕಿಸಿದರೆ ಎಂಟುನೂರು ಕಾರಿಗೆ ಅದು ಮುಗಿಯಿತು. ಮಾಮೂಲಿ ದಿನಗಳಲ್ಲಿ ಇಂದು ನೀವು, ನಾಳೆ ನಾನು, ನಾಡಿದ್ದು ಪಕ್ಕದ ಮನೆಯವರು ಹಾಕಿಸಿಕೊಳ್ಳುತ್ತೇವೆ. ಲಾರಿಗಳು ಓಡಾಡುವುದೂ ಆ ಅಂದಾಜಿನ ಮೇಲೆಯೇ. ಹಿಲ್ಸ್‌ಬರೋ, ಪಿನೆಲ್ಲಾಸ್ ಎರಡೂ ಕೌಂಟಿ ಸೇರಿ ಸುಮಾರು 25 ಲಕ್ಷ ಜನ. ಅವರ ಹತ್ತು ಲಕ್ಷ ಕಾರುಗಳು ಒಂದೇ ದಿನ ತಲಾ 30 ಲೀಟರ್ ಕೇಳಿದವು ಅಂದುಕೊಳ್ಳಿ. ಮೂರು ಕೋಟಿ ಲೀಟರ್ ಬೇಕು, ಅಂದರೆ ಒಂಬೈನೂರಕ್ಕೂ ಮೇಲ್ಪಟ್ಟು ಲಾರಿ. ಊರು ಬಿಡುವವರ ಕಾರುಗಳಿಂದ ಹೆದ್ದಾರಿ ತುಂಬಿರುವಾಗ ಅಷ್ಟು ಲಾರಿ ಎಲ್ಲಿಂದ ಬಂದೀತು? ರಾಜ್ಯದಲ್ಲಿ ಇಂಧನದ ಕೊರತೆ ಇಲ್ಲ, ಜನರ ಬೇಡಿಕೆಗೆ ಬಂಕುಗಳು ಬರಿದಾಗುತ್ತಿವೆ ಎಂದು ಗವರ್ನರ್ ಡಿಸಾಂಟಿಸ್ ಹೇಳಿದರು. ಆ ಮಾತು ನಿಜವೇ ಇತ್ತು. ಟ್ಯಾಂಕರ್‌ಗಳಿಗೆ ಹೆದ್ದಾರಿ ಪೊಲೀಸರ ಬೆಂಗಾವಲನ್ನೂ ಕೊಟ್ಟರು. ಆದರೂ 9ನೇ ತಾರೀಖಿನ ಹೊತ್ತಿಗೆ ರಾಜ್ಯದ ಕಾಲುಭಾಗದಷ್ಟು ಬಂಕುಗಳಲ್ಲಿ, ಟ್ಯಾಂಪಾ ಸುತ್ತಲಿನ ಅರ್ಧಕ್ಕೂ ಹೆಚ್ಚು ಬಂಕುಗಳಲ್ಲಿ ಪೆಟ್ರೋಲ್ ಇರಲಿಲ್ಲ.

ಫ್ಲೋರಿಡಾಕ್ಕೆ ಇನ್ನೊಂದು ತೊಡಕಿದೆ. ಈ ರಾಜ್ಯದಲ್ಲಿ ತೈಲ ಸಂಸ್ಕರಣಾಗಾರವೇ ಇಲ್ಲ. ಹೊರರಾಜ್ಯದ ಸಂಸ್ಕರಣಾಗಾರಗಳಿಂದ ಇಲ್ಲಿಗೆ ಪೈಪ್‌ಲೈನೂ ಇಲ್ಲ. ನಾವು ಸುಡುವ ಪೆಟ್ರೋಲಿನ ಬಹುಪಾಲು ಹಡಗಿನಲ್ಲೇ ಬರಬೇಕು. ರಾಜ್ಯದ ಇಂಧನದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಇಳಿಯುವುದು ನಮ್ಮ ಪೋರ್ಟ್ ಟ್ಯಾಂಪಾ ಬೇಯಲ್ಲಿ. ಚಂಡಮಾರುತ ಹತ್ತಿರ ಬಂದಾಗ ಮೊದಲು ಮುಚ್ಚುವುದೇ ಬಂದರು. ಹಡಗುಗಳನ್ನು ಹೊರಗೆ ಕಳಿಸಿ ಕೋಸ್ಟ್ ಗಾರ್ಡ್ ಬಾಗಿಲು ಹಾಕುತ್ತದೆ. ಆಮೇಲೆ ಕಾಲುವೆಯ ತಳ, ಬೋಯೆ, ಹಡಗುಕಟ್ಟೆ ಎಲ್ಲ ಪರೀಕ್ಷಿಸಿದ ಮೇಲಷ್ಟೇ ತೆರೆಯುತ್ತದೆ. ಎಲ್ಲರಿಗೂ ಪೆಟ್ರೋಲ್ ಬೇಕೆನ್ನಿಸುವ ಹೊತ್ತಿಗೇ ಅದು ಬರುವ ದಾರಿ ಮುಚ್ಚಿರುತ್ತದೆ.

ಆದರೆ ದಾರಿ ತೆರೆದಿದ್ದಾಗಲೂ ನಾವು ಹೀಗೆಯೇ ಮುಗಿಬಿದ್ದಿದ್ದೇವೆ. 2021ರ ಮೇ ತಿಂಗಳಲ್ಲಿ ಕೊಲೋನಿಯಲ್ ಪೈಪ್‌ಲೈನಿನ ಕಂಪ್ಯೂಟರುಗಳಿಗೆ ಕನ್ನ ಬಿತ್ತು, ಕಂಪನಿ ಪೈಪ್‌ಲೈನನ್ನು ನಿಲ್ಲಿಸಿತು. ಆ ಪೈಪ್‌ಲೈನ್ ಫ್ಲೋರಿಡಾದೊಳಕ್ಕೆ ಬರುವುದೇ ಇಲ್ಲ. ಆದರೂ ಇಲ್ಲಿನ ಬಂಕುಗಳ ಮುಂದೆ ಸಾಲು ಬೆಳೆಯಿತು, ಎಷ್ಟೋ ಬಂಕುಗಳು ಖಾಲಿಯಾದವು. ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ರೋಲ್ ತುಂಬಬೇಡಿ ಎಂದು ಕೇಂದ್ರದ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಸಬೇಕಾಯಿತು. ಮಿಲ್ಟನ್‌ಗೆ ಒಂದು ವಾರ ಮೊದಲು, ಅಕ್ಟೋಬರ್ 1ರಂದು, ಬಂದರು ಕಾರ್ಮಿಕರು ಮುಷ್ಕರ ಹೂಡಿದರು. ಟಾಯ್ಲೆಟ್ ಪೇಪರಿನ ಕಪಾಟುಗಳು ಬರಿದಾದವು. ಅದು ಹೆಚ್ಚಾಗಿ ತಯಾರಾಗುವುದು ಈ ದೇಶದಲ್ಲೇ, ಬಂದರಿಗೂ ಅದಕ್ಕೂ ಸಂಬಂಧವಿಲ್ಲ. ಮುಷ್ಕರ ಮೂರೇ ದಿನಕ್ಕೆ ನಿಂತಿತು.

ಇದನ್ನೆಲ್ಲ ದುರಾಸೆ ಎಂದು ಬೈಯುವುದು ಸುಲಭ. ಆ ಸಾಲಿನಲ್ಲಿ ನಿಂತಿದ್ದವನಾಗಿ ನಾನು ಒಪ್ಪಲಾರೆ. ಅಲ್ಲಿ ಯಾರ ಮುಖದಲ್ಲೂ ದುರಾಸೆ ಕಾಣಲಿಲ್ಲ, ಮಕ್ಕಳಿದ್ದವರ ಗಾಬರಿ ಕಂಡಿತು. ಪಕ್ಕದವನು ಹಾಕಿಸುತ್ತಾನೆ, ಆದ್ದರಿಂದ ನಾಳೆ ಇರುವುದಿಲ್ಲ, ಆದ್ದರಿಂದ ನಾನು ಇಂದೇ ಹಾಕಿಸಬೇಕು. ಒಬ್ಬೊಬ್ಬರ ಮಟ್ಟಿಗೆ ಈ ತರ್ಕದಲ್ಲಿ ತಪ್ಪಿಲ್ಲ. ಎಲ್ಲರೂ ಸೇರಿ ಹಾಗೆ ಯೋಚಿಸಿದಾಗ ನೀರು ನುಗ್ಗುವ ವಲಯದವನ ಟ್ಯಾಂಕಿಗೆ ಹೋಗಬೇಕಾದ ಇಪ್ಪತ್ತು ಲೀಟರ್ ನನ್ನ ಗ್ಯಾರೇಜಿನಲ್ಲಿ ನಿಂತಿತು. ಚಂಡಮಾರುತ ಕಳೆದು ನಾಲ್ಕು ದಿನವಾದರೂ ಅದನ್ನು ನಾನು ಮುಟ್ಟಲಿಲ್ಲ.

ಓಡಲು ಪೆಟ್ರೋಲ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಹ್ಯೂಸ್ಟನ್ ನೋಡಿದೆ. 2005ರ ಸೆಪ್ಟೆಂಬರ್. ನ್ಯೂ ಆರ್ಲಿಯನ್ಸ್ ಮುಳುಗಿದ ಚಿತ್ರಗಳನ್ನು ಜನ ನೋಡಿ ನಾಲ್ಕು ವಾರವೂ ಆಗಿರಲಿಲ್ಲ, ರೀಟಾ ಚಂಡಮಾರುತ ಟೆಕ್ಸಸ್ ಕಡೆ ಹೊರಟಿತು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗೆ ಇಳಿದರು. ಅದರಲ್ಲಿ ಬಹಳ ಮಂದಿಗೆ ಹೊರಡುವ ಅಗತ್ಯವೇ ಇರಲಿಲ್ಲ. ವಾಹನಗಳ ಸಾಲು ನೂರು ಮೈಲಿ ಮುಟ್ಟಿತು. ಬೇಗೆಯಲ್ಲಿ, ತೆವಳುವ ಸಾಲಿನಲ್ಲಿ, ಕಾರುಗಳ ಪೆಟ್ರೋಲ್ ತೀರಿತು, ದಾರಿಯ ಬಂಕುಗಳೂ ಬತ್ತಿದವು. ನಿಂತ ಕಾರುಗಳು ಹಿಂದಿನವರ ದಾರಿ ಕಟ್ಟಿದವು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸೊಂದು ಡಲ್ಲಾಸ್ ಹತ್ತಿರ ಹೊತ್ತಿ ಉರಿದು 23 ಮಂದಿ ಸತ್ತರು. ಊರು ಬಿಡುವ ಆ ಪ್ರಯಾಣದಲ್ಲೇ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ರೀಟಾ ಕೊನೆಗೆ ಪೂರ್ವಕ್ಕೆ ತಿರುಗಿ ಲೂಸಿಯಾನಾ ಗಡಿಯ ಬಳಿ ದಡ ಸೇರಿತು. ಹ್ಯೂಸ್ಟನ್ ನಗರಕ್ಕೆ ದೊಡ್ಡ ಪೆಟ್ಟು ಬೀಳಲಿಲ್ಲ.

ಇದಕ್ಕೇ ತುರ್ತು ನಿರ್ವಹಣೆಯವರು ಹೇಳುತ್ತಲೇ ಬಂದಿದ್ದಾರೆ: ನೀರಿನಿಂದ ಓಡಿ, ಗಾಳಿಯಿಂದ ಅಡಗಿ. ನೂರಾರು ಮೈಲಿ ಬೇಡ, ಹತ್ತಿಪ್ಪತ್ತು ಮೈಲಿ ಸಾಕು. ಕಡಲು ಉಕ್ಕಿ ಬರುವ ವಲಯವನ್ನು ದಾಟಿ ಗಟ್ಟಿ ಕಟ್ಟಡದೊಳಗೆ ಸೇರಿಕೊಂಡರೆ ಜೀವ ಉಳಿಯುತ್ತದೆ. ಇಲ್ಲಿ ಎ, ಬಿ, ಸಿ ಎಂದು ವಲಯ ಗುರುತಿಸಿರುವುದೇ ಅದಕ್ಕಾಗಿ. ಹತ್ತಿಪ್ಪತ್ತು ಮೈಲಿಗೆ ಎಷ್ಟು ಪೆಟ್ರೋಲ್ ಬೇಕು? ಮೂರು ನಾಲ್ಕು ಲೀಟರ್. ಜಾರ್ಜಿಯಾ ಮುಟ್ಟಬೇಕು ಎಂದುಕೊಂಡಾಗಲೇ ಟ್ಯಾಂಕು ತುಂಬಬೇಕಾಗುತ್ತದೆ, ಇಂಟರ್‌ಸ್ಟೇಟ್ 75 ಕಟ್ಟಿಕೊಳ್ಳುತ್ತದೆ, ಮುಂದಿನ ಊರಿನ ಬಂಕು ಬರಿದಾಗುತ್ತದೆ. ಈ ಮಾತನ್ನು ಟಿವಿಯಲ್ಲಿ ನಾನು ಹತ್ತು ಸಲ ಕೇಳಿದ್ದೇನೆ. ಹಳದಿ ಚೀಲ ಕಟ್ಟಿದ ಪಂಪಿನ ಪಕ್ಕ ನಿಂತಾಗ ಮಾತ್ರ ಅದು ನನ್ನ ನೆನಪಿಗೆ ಬರಲಿಲ್ಲ.

ಸರ್ಕಾರ ಕಲಿಯುವುದಿಲ್ಲ ಎಂದೂ ಹೇಳಲಾರೆ. 2005ರ ಅಕ್ಟೋಬರಿನಲ್ಲಿ ವಿಲ್ಮಾ ದಕ್ಷಿಣ ಫ್ಲೋರಿಡಾವನ್ನು ಹೊಡೆದಾಗ ಬಂಕುಗಳ ನೆಲದಡಿಯ ಟ್ಯಾಂಕುಗಳಲ್ಲಿ ಪೆಟ್ರೋಲ್ ಇತ್ತು, ಮೇಲೆತ್ತಲು ಕರೆಂಟ್ ಇರಲಿಲ್ಲ. ಮರುವರ್ಷವೇ ಕಾನೂನು ಬಂತು: ಹೊಸದಾಗಿ ಕಟ್ಟುವ ಬಂಕುಗಳಲ್ಲಿ, ಹೆದ್ದಾರಿ ಪಕ್ಕದ ದೊಡ್ಡ ಬಂಕುಗಳಲ್ಲಿ, ಜನರೇಟರ್ ಜೋಡಿಸಲು ವೈರಿಂಗ್ ಸಿದ್ಧವಿರಬೇಕು. ಒಳ್ಳೆಯ ಕಾನೂನು. ಆದರೆ ಅದು ಕರೆಂಟಿನ ಸಮಸ್ಯೆ. ಸಾಲಿನ ಸಮಸ್ಯೆಗೆ ಇಲ್ಲಿ ಇನ್ನೂ ಯಾರೂ ಕೈ ಹಚ್ಚಿಲ್ಲ.

ಮಿಲ್ಟನ್ ಅಕ್ಟೋಬರ್ 9ರ ರಾತ್ರಿ ಸಿಯೆಸ್ಟಾ ಕೀ ಬಳಿ ಮೂರನೇ ದರ್ಜೆಯಲ್ಲಿ ದಡ ಸೇರಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. 12ನೇ ತಾರೀಖು, ಶನಿವಾರ, ರಾಜ್ಯ ಸರ್ಕಾರ ನಮ್ಮ ಭಾಗದಲ್ಲಿ ಕೇಂದ್ರಗಳನ್ನು ತೆರೆದು ಒಬ್ಬೊಬ್ಬರಿಗೆ ಹತ್ತು ಗ್ಯಾಲನ್, ಸುಮಾರು 38 ಲೀಟರ್, ಪುಕ್ಕಟೆ ಕೊಟ್ಟಿತು. ಕೊಟ್ಟದ್ದಕ್ಕೆ ಕೃತಜ್ಞ. ಆದರೆ ತಲೆಗೆ ಇಷ್ಟು ಎಂಬ ಆ ಮಿತಿಯನ್ನು ಸೋಮವಾರವೇ, ಊರು ಬಿಡುವ ಆದೇಶದ ಜೊತೆಗೇ, ಪ್ರತಿ ಬಂಕಿನಲ್ಲೂ ಹಾಕಿದ್ದರೆ? ಕಾರಿಗೆ ಹತ್ತು ಗ್ಯಾಲನ್, ಕ್ಯಾನು ಒಂದೇ ಒಂದು. ಆ ರಾತ್ರಿ ನನ್ನ ಮುಂದಿದ್ದ ಪಿಕಪ್ ಟ್ರಕ್ಕಿನವರು ತಮ್ಮ ಟ್ಯಾಂಕು ತುಂಬಿಸಿದ ಮೇಲೆ ಆರು ಕ್ಯಾನು ಇಳಿಸಿ ತುಂಬಿದರು. ಮನೆಯಲ್ಲಿ ಜನರೇಟರಿನಿಂದ ಓಡಿಸಬೇಕಾದ ಆಮ್ಲಜನಕದ ಯಂತ್ರ ಇತ್ತೋ ಏನೋ, ಅವರನ್ನು ನಾನು ದೂರುವುದಿಲ್ಲ. ಆದರೆ ಆ ಆರು ಕ್ಯಾನಿನಲ್ಲಿ ಮೂರು ಕಾರು ಜಾರ್ಜಿಯಾ ಗಡಿಯ ಹತ್ತಿರ ಹೋಗುತ್ತಿದ್ದವು.

ಇಂಥದ್ದು ಈ ದೇಶಕ್ಕೆ ಹೊಸದೂ ಅಲ್ಲ. 2012ರಲ್ಲಿ ಸ್ಯಾಂಡಿ ಬಂದು ಹೋದ ಮೇಲೆ ನ್ಯೂ ಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ನವೆಂಬರ್ 3ರಿಂದ 12 ಕೌಂಟಿಗಳಲ್ಲಿ ಸಮ-ಬೆಸ ನಿಯಮ ತಂದರು. ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವಾದರೆ ಬೆಸ ತಾರೀಖಿನಂದು ಪೆಟ್ರೋಲ್, ಸಮವಾದರೆ ಸಮ ತಾರೀಖಿನಂದು. ಕೆಲವು ದಿನ ಕಳೆದು ನ್ಯೂಯಾರ್ಕ್ ನಗರವೂ ಅದನ್ನೇ ಅನುಸರಿಸಿತು. ಬಂದರುಗಳಿಂದ ಪೂರೈಕೆ ಚೇತರಿಸಿಕೊಂಡದ್ದೂ ಸೇರಿ, ಗಂಟೆಗಟ್ಟಲೆಯ ಸಾಲುಗಳು ಗಿಡ್ಡವಾದವು. ನಿಯಮದ ದೊಡ್ಡ ಉಪಕಾರ ಎಂದರೆ, ನಾಳೆ ನನ್ನ ಸರದಿ ಇದೆ ಎಂದು ಗೊತ್ತಾದವನು ಇವತ್ತು ಮನೆಯಲ್ಲಿ ಇರುತ್ತಾನೆ.

ಮಿತಿ ಹಾಕಿದರೆ ಜನ ಮೂರು ಮೂರು ಸಲ ಸಾಲಿಗೆ ಬರುತ್ತಾರೆ ಎಂದು ಗೆಳೆಯರೊಬ್ಬರು ವಾದಿಸಿದರು. ಕೆಲವರು ಬಂದಾರು. ಒಂದು ಗಂಟೆ ನಿಂತು ಹತ್ತು ಗ್ಯಾಲನ್ ಪಡೆದವರು ಮತ್ತೆ ಒಂದು ಗಂಟೆ ನಿಲ್ಲುವುದು ಅಪರೂಪ. ನಾನು ಚಿಕ್ಕವನಿದ್ದಾಗ ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬ ಹಿಡಿದು ಅಮ್ಮನ ಜೊತೆ ನಿಂತಿದ್ದೇನೆ. ಕಾರ್ಡಿಗೆ ಇಷ್ಟೇ ಲೀಟರ್ ಎಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ತೂಕ ಅಳತೆಯ ಜಗಳ ಆಗುತ್ತಿದ್ದುದು ನಿಜ. ಆದರೆ ಕೊನೆಯಲ್ಲಿ ನಿಂತ ಮುದುಕಿಗೂ ತನ್ನ ಪಾಲು ಇದೆ ಎಂಬ ಧೈರ್ಯ ಆ ಬೋರ್ಡಿನಲ್ಲಿತ್ತು.

ಇನ್ನೊಂದು ವಿಷಯ. ಚಂಡಮಾರುತದ ಮರುದಿನ ಕೆಲಸಕ್ಕೆ ಹೋಗಲೇಬೇಕಾದವರು ಇದ್ದಾರೆ: ನರ್ಸ್‌ಗಳು, ಡಯಾಲಿಸಿಸ್ ಕೇಂದ್ರದವರು, ವಿದ್ಯುತ್ ಲೈನ್ ಕೆಲಸಗಾರರು. ನಮ್ಮ ಬೀದಿಯಲ್ಲಿ ರಾತ್ರಿಪಾಳಿಯ ನರ್ಸ್ ಒಬ್ಬರಿದ್ದಾರೆ. 11ನೇ ತಾರೀಖು ಅವರು ಆಸ್ಪತ್ರೆಗೆ ಹೋಗಲು ಮೂರು ಮನೆಯ ಬಾಗಿಲು ತಟ್ಟಿ ಕಾರು ಕೇಳಿದರು. ಕೌಂಟಿಗೆ ಒಂದೆರಡು ಬಂಕುಗಳನ್ನಾದರೂ ಇವರಿಗೆಂದೇ ಮೀಸಲಿಡುವುದು ಅಷ್ಟು ಕಷ್ಟವೇ? ನಮ್ಮ ಕೌಂಟಿಯ ಕಮಿಷನರ್‌ಗೆ ಈ ವಾರ ಇದೇ ಪ್ರಶ್ನೆಯನ್ನು ಬರೆದು ಕಳಿಸಿದ್ದೇನೆ. ಓದುಗರೂ ತಮ್ಮ ತಮ್ಮ ಕೌಂಟಿಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಹರಿಕೇನ್ ಋತು ಪ್ರತಿ ವರ್ಷ ಜೂನ್ 1ರಿಂದ ನವೆಂಬರ್ 30ರವರೆಗೆ. ಈ ಆರು ತಿಂಗಳು ಮುಳ್ಳು ಅರ್ಧಕ್ಕೆ ಬಂದ ಕೂಡಲೇ, ಆಕಾಶ ನೀಲಿಯಾಗಿರುವಾಗಲೇ, ಸಾಲಿಲ್ಲದಿರುವಾಗಲೇ ಹಾಕಿಸುತ್ತೇನೆ. ಚಂಡಮಾರುತದ ಹೆಸರು ಟಿವಿಗೆ ಬಂದ ಮೇಲೆ ಬಂಕಿನ ಕಡೆ ಹೋಗುವುದಿಲ್ಲ. ಕನ್ನಡದ ಗುಂಪಿನಲ್ಲೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಬಂಕಿನ ಹೆಸರು ಹಾಕುವ ಮೊದಲು, ಯಾರು ಯಾವ ವಲಯದವರು, ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಜಾಗ ಇದೆ ಎಂದು ಬರೆಯುವುದು. ಎರಡೇ ದಿನದಲ್ಲಿ ಹದಿನಾಲ್ಕು ಮನೆಯವರು ಬರೆದರು. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಜಾಗ ಇದೆ ಎಂದು ನಾನೂ ಬರೆದೆ.

ಅಕ್ಟೋಬರ್ 7ರ ರಾತ್ರಿಯೂ ನಾಲ್ಕು ಜನಕ್ಕೆ ಜಾಗ ಇತ್ತು, ಮನೆ ಎರಡೇ ಮೈಲಿ ದೂರದಲ್ಲಿತ್ತು. ಇನ್ನೂ ಹತ್ತಿರದಲ್ಲಿ ಒಂದು ಶಾಲೆ ಇತ್ತು, ಬಂಕಿನಿಂದ ಎಡಕ್ಕೆ ತಿರುಗಿದರೆ ಐದು ನಿಮಿಷ. ಅದನ್ನು ಆಶ್ರಯಕೇಂದ್ರವಾಗಿ ತೆರೆದಿದ್ದಾರೆ ಎಂದು ನನಗೆ ತಿಳಿದದ್ದು ಮರುದಿನ. ಆ ಅಜ್ಜ ನನ್ನನ್ನು ಕೇಳಿದ್ದು ಪೆಟ್ರೋಲ್ ಎಲ್ಲಿದೆ ಎಂದು. ನಾನು ಉತ್ತರಿಸಿದ್ದೂ ಅಷ್ಟಕ್ಕೇ.

ನಮ್ಮ ಸುತ್ತಲಿನ ಆಶ್ರಯಕೇಂದ್ರಗಳ ಪಟ್ಟಿಯನ್ನು ಈ ಭಾನುವಾರ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದೆ. ಸಾಕುಪ್ರಾಣಿಗಳನ್ನು ಒಳಗೆ ಬಿಡುವ ಶಾಲೆಗಳಿಗೆ ನನ್ನ ಮಗಳು ಹಸಿರು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಇಪ್ಪತ್ತು ಪ್ರತಿ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿವೆ. ಹತ್ತು ಪ್ರತಿಯನ್ನು ಆ ಬಂಕಿನ ಹುಡುಗನಿಗೆ ಕೊಟ್ಟೆ. ಅವನು ಒಂದನ್ನು ತೆಗೆದು ಗಾಜಿಗೆ ಅಂಟಿಸಿದ, ಪಂಪಿನಿಂದ ನೋಡಿದರೆ ಕಾಣುವ ಹಾಗೆ.