ಅಮ್ಮನ ಮಿಕ್ಸಿ, ಮಗನ ರೂಟರ್

ಮಲೆನಾಡಿನ ಒಂಟಿಮನೆಗಳಲ್ಲಿ ಒಂದು ಅಲಿಖಿತ ಕಾನೂನಿದೆ: ‘ಸೋಲಾರ್ ಮೇಲೆ ಮಿಕ್ಸಿ ಹಾಕ್ಬೇಡ.’ ಕರೆಂಟು ಕಂಬ ಬಾರದ ಮನೆಗಳಲ್ಲೂ ಇದೆ, ಕಂಬ ಬಂದರೂ ಮಳೆಗಾಲಪೂರ್ತಿ ತಂತಿ ಸತ್ತು ಮಲಗುವ ಮನೆಗಳಲ್ಲೂ ಇದೆ. ಕಾನೂನು ಮಾಡಿದ್ದು ಬೆಂಗಳೂರಲ್ಲಿ ಕೂತ ಮಗ. ಪಾಲಿಸ್ತಿರೋದು ಒರಳಿನ ಮುಂದೆ ಕೂತ ಅಮ್ಮ. ಅದೇ ಮಗ ರಜೆಗೆ ಬಂದಾಗ ಹಚ್ಚಿಟ್ಟ ವೈಫೈ ರೂಟರ್ ಮಾತ್ರ ಹಗಲೂ ರಾತ್ರಿ ಮಿಣಮಿಣ ಅಂತಿರುತ್ತೆ. ಅದಕ್ಕೆ ಯಾವ ಕಾನೂನೂ ಇಲ್ಲ.

ಲೆಕ್ಕ ಹಾಕೋಣ, ಏಳನೇ ಕ್ಲಾಸಿನ ಗುಣಾಕಾರ ಸಾಕು. 750 ವಾಟಿನ ಮಿಕ್ಸಿ ದಿನಕ್ಕೆ ಐದು ನಿಮಿಷ ತಿರುಗಿದರೆ ಸುಮಾರು 60 ವಾಟ್-ಅವರ್ ಖರ್ಚು. 10 ವಾಟಿನ ರೂಟರ್ 24 ಗಂಟೆ ಉರಿದರೆ 240. ಅಂದ್ರೆ ಮಗನ ರೂಟರ್ ದಿನಕ್ಕೆ ನಾಲ್ಕು ಮಿಕ್ಸಿ ನುಂಗುತ್ತೆ! ಮಿಕ್ಸಿ ಗುರ್ ಅನ್ನುತ್ತೆ, ಹಾಗಾಗಿ ಕಳ್ಳ ಅನ್ನಿಸಿಕೊಳ್ಳುತ್ತೆ. ರೂಟರ್ ಸದ್ದು ಮಾಡಲ್ಲ, ಹಾಗಾಗಿ ಸಾಚಾ.

ಸರಿ, ‘ಸಿಸ್ಟಮ್ ದೊಡ್ಡದು ಮಾಡಿಬಿಡೋಣ’ ಅಂತ ಮಗ ಹೊರಡ್ತಾನೆ. ಎರಡು ವಿಡಿಯೊ ನೋಡ್ತಾನೆ, ಆನ್‌ಲೈನಲ್ಲಿ ಇನ್ನೊಂದು ಬ್ಯಾಟರಿ ತರಿಸ್ತಾನೆ. ನನ್ನ ತಕರಾರು ಇಲ್ಲೇ. ಯಾವುದು ಸಾಲ್ತಿಲ್ಲ ಅಂತ ನೋಡದೆ, ಮನೇಲಿರೋರನ್ನ ಕೇಳದೆ, ಕೈಗೆ ಸಿಕ್ಕಿದ್ದನ್ನು ಜೋಡಿಸೋದಕ್ಕೆ ವಿಸ್ತರಣೆ ಅನ್ನಲ್ಲ. ಅದು ತೇಪೆ.

ಸಾಮಾನ್ಯವಾಗಿ ಇಂಥ ಮನೆಯಲ್ಲಿರೋದು 100 ವಾಟಿನ ಒಂದು ಪ್ಯಾನೆಲ್, 12 ವೋಲ್ಟ್ 100 ಆ್ಯಂಪ್-ಅವರಿನ ಒಂದು ಸೀಸದ ಬ್ಯಾಟರಿ. ಒಳ್ಳೆ ಬಿಸಿಲಿದ್ದ ದಿನ ಪ್ಯಾನೆಲ್ಲಿಂದ ಕೈಗೆ ಸಿಗೋದು 300 ವಾಟ್-ಅವರ್ ಅಂತಿಟ್ಟುಕೊಳ್ಳಿ. 9 ವಾಟಿನ ನಾಲ್ಕು ಬಲ್ಬು ಐದು ಗಂಟೆ ಉರಿದರೆ 180. ಅದರ ಮೇಲೆ ರೂಟರಿನ 240. ಮೊತ್ತ 420. ಆದಾಯ ಮುನ್ನೂರು, ಖರ್ಚು ನಾನೂರಿಪ್ಪತ್ತು. ಈ ಸಂಸಾರಕ್ಕೆ ಎರಡನೇ ಬ್ಯಾಟರಿ ತಂದರೆ ಏನಾಗುತ್ತೆ? ಬಚ್ಚಲಲ್ಲಿ ಎರಡನೇ ಹಂಡೆ ಇಟ್ಟಷ್ಟಕ್ಕೇ ದಬ್ಬೆಯಲ್ಲಿ ನೀರು ಜಾಸ್ತಿ ಬರುತ್ತಾ? ಎರಡೂ ಅರ್ಧ ತುಂಬಿ ಕೂರುತ್ತವೆ. ಅರ್ಧ ತುಂಬಿ ಕೂರೋದೇ ಸೀಸದ ಬ್ಯಾಟರಿಗೆ ವಿಷ. ಫಲಕಗಳ ಮೇಲೆ ಸಲ್ಫೇಟ್ ಕಟ್ಟಿ, ಐದು ವರ್ಷ ಬಾಳಬೇಕಾದದ್ದು ಎರಡಕ್ಕೇ ಮಲಗಬಹುದು. ಹಳೇ ಬ್ಯಾಟರಿಗೆ ಹೊಸದನ್ನ ಜೋಡಿಸೋದಂತೂ ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದ ಹಾಗೆ. ಮುದಿಯದು ಚುರುಕಾಗಲ್ಲ, ಹೋರಿ ಸೊರಗುತ್ತೆ.

ಇನ್ನು ಕೆಲವರು ಪ್ಯಾನೆಲ್ ತರ್ತಾರೆ. ದಾರಿ ಸರಿ, ಹೆಜ್ಜೆ ತಪ್ಪು. ಈಗ ಅಗ್ಗಕ್ಕೆ ಸಿಗೋದು 540 ವಾಟಿನ ದೊಡ್ಡ ಪ್ಯಾನೆಲ್. ಅದು ತೆರೆದ ಸ್ಥಿತಿಯಲ್ಲಿ ಸುಮಾರು 50 ವೋಲ್ಟ್ ಕೊಡುತ್ತೆ. ಅದನ್ನು ಹಳೆಯ ಹತ್ತು ಆ್ಯಂಪಿನ ಪುಟ್ಟ ಚಾರ್ಜ್ ಕಂಟ್ರೋಲರಿಗೆ ಚುಚ್ಚಿದರೆ ಕಂಟ್ರೋಲರ್ ಸುಟ್ಟೀತು. ಸುಡದಿದ್ದರೂ ಬ್ಯಾಟರಿಯ ವೋಲ್ಟೇಜಿಗೆ ಎಳೆದು ಇಳಿಸಿ, ಮೂರರಲ್ಲಿ ಎರಡು ಪಾಲು ಬಿಸಿಲನ್ನು ಹಾಗೇ ಬಿಟ್ಟುಬಿಡುತ್ತೆ. ಇದಕ್ಕೆ ಎಂಪಿಪಿಟಿ ಅನ್ನೋ ಕಂಟ್ರೋಲರ್ ಬೇಕು. ಪ್ಯಾನೆಲ್ ಮಾರೋ ಅಂಗಡಿಯವನು ಕೇಳದೆ ಇದನ್ನ ಹೇಳಲ್ಲ.

ಹಾಗಾದ್ರೆ ಮಿಕ್ಸಿಯ ತೊಂದರೆ ನಿಜಕ್ಕೂ ಏನು? ಒಟ್ಟು ಖರ್ಚಲ್ಲ, ಒಂದೇ ಉಸಿರಿಗೆ ಬೇಕಾದ ಬಲ. 12 ವೋಲ್ಟಿನಲ್ಲಿ 750 ವಾಟ್ ಅಂದ್ರೆ 60 ಆ್ಯಂಪಿಗೂ ಮೇಲೆ. ಹಳೇ ಸೀಸದ ಬ್ಯಾಟರಿ ಅಷ್ಟು ಕೊಡಲು ಹೋಗಿ ತಲೆ ತಿರುಗಿ ಬೀಳುತ್ತೆ, ಇನ್ವರ್ಟರ್ ಕುಯ್ಯೋ ಅನ್ನುತ್ತೆ. ಅದನ್ನ ನೋಡಿ ಕಾನೂನು ಹುಟ್ಟಿದ್ದು. ಬ್ಯಾಟರಿಯ ನಿಶ್ಶಕ್ತಿಗೆ ಅಮ್ಮನ ರಟ್ಟೆ ದಂಡ ಕಟ್ತಾ ಇದೆ!

ಮಾಡೋದಾದ್ರೆ ಸರಿಯಾಗಿ ಮಾಡಿ. ಬಳಕೆಯ ಪಟ್ಟಿ ಮೊದಲು, ಖರೀದಿ ಕೊನೆಗೆ. ಬಲ್ಬು 180, ಮಿಕ್ಸಿ 60, ಮೂರು ಗಂಟೆ ಟೀವಿ 150, ಕೆಲಸದ ಎಂಟು ಗಂಟೆಗೆ ಮಾತ್ರ ರೂಟರ್ 80, ಬೇಸಿಗೆಯಲ್ಲಿ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 240. ಎಲ್ಲಾ ಸೇರಿ 710. ಇನ್ವರ್ಟರ್ ಬೇಕಾದಾಗ ಮಾತ್ರ ಹಾಕಿ. ಸುಮ್ಮನೆ ಆನ್ ಆಗಿದ್ದರೂ ಅದು ತಿನ್ನುತ್ತಲೇ ಇರುತ್ತೆ. ವ್ಯವಸ್ಥೆಯನ್ನು 24 ವೋಲ್ಟಿಗೆ ಏರಿಸಿ. ಕರೆಂಟು ಅರ್ಧಕ್ಕೆ ಇಳಿದರೆ ಅದೇ ತಂತಿಯಲ್ಲಿ ನಷ್ಟ ಕಾಲುಭಾಗಕ್ಕೆ ಇಳಿಯುತ್ತೆ. ಹಳೇ ಬ್ಯಾಟರಿಯನ್ನು ಗುಜರಿ ಬೆಲೆಗೆ ಅಂಗಡಿಗೇ ವಾಪಸ್ ಕೊಟ್ಟು, 100 ಆ್ಯಂಪ್-ಅವರಿನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತನ್ನಿ. ಸುಮಾರು 2,500 ವಾಟ್-ಅವರ್ ಹಿಡಿಯುತ್ತೆ, ಮಿಕ್ಸಿಗೆ ಬೇಕಾದ ಬಲ ನಿರಾಯಾಸವಾಗಿ ಕೊಡುತ್ತೆ. ಪ್ಯಾನೆಲ್ಲನ್ನು ಮಾತ್ರ ಆಷಾಢದ ಲೆಕ್ಕಕ್ಕೆ ಹಾಕಿ, ಬೇಸಿಗೆ ಲೆಕ್ಕಕ್ಕಲ್ಲ. 540ರ ಎರಡು ಪ್ಯಾನೆಲ್ ಬಿಸಿಲಲ್ಲಿ ಮೂರೂವರೆ ಯೂನಿಟ್ ಕೊಡಬಲ್ಲವು. ಮೋಡದಲ್ಲಿ ಅದರ ಕಾಲುಭಾಗ ಸಿಕ್ಕರೂ ಈ ಪಟ್ಟಿ ತೂಗುತ್ತೆ.

‘ಇಷ್ಟೆಲ್ಲಾ ಯಾಕೆ, ಹಳ್ಳಿಯಲ್ಲಿ ಸರಳವಾಗಿ ಬದುಕೋದೇ ಚಂದ’ ಅನ್ನೋರಿದ್ದಾರೆ. ಇವರು ಮನೆಯಲ್ಲಿ ಏರ್ ಫ್ರೈಯರ್ ಇಟ್ಟುಕೊಂಡೇ ಇದನ್ನ ಹೇಳ್ತಾರೆ. ಒರಳುಕಲ್ಲಿನ ಚಟ್ನಿಯ ರುಚಿಯನ್ನು ಹೊಗಳುವವರೆಲ್ಲ ತಿನ್ನುವವರೇ, ರುಬ್ಬುವವರಲ್ಲ. ಸರಳತೆಯನ್ನು ಆರಿಸಿಕೊಳ್ಳೋದು ಬೇರೆ, ಇನ್ನೊಬ್ಬರ ಮೇಲೆ ಹೊರಿಸೋದು ಬೇರೆ.

‘ಸರ್ಕಾರ ಕೊಡುತ್ತಲ್ಲ’ ಅಂತ ಇನ್ನು ಕೆಲವರು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಮನೆಯ ಚಾವಣಿಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುತ್ತೆ, ನಿಜ. ಆದರೆ ಅದು ಗ್ರಿಡ್ಡಿಗೆ ಜೋಡಿಸಿದ ಚಾವಣಿಗೆ. ಕರೆಂಟು ಇರೋ ಜಯನಗರದ ತಾರಸಿಗೆ ಸಿಗುತ್ತೆ, ಕಂಬವೇ ಇಲ್ಲದ ಮನೆಯ ಹೆಂಚಿಗೆ ಸಿಗಲ್ಲ. ಬ್ಯಾಟರಿ ಯಾರಿಗೆ ಅತಿ ಅಗತ್ಯವೋ ಅವರ ಬ್ಯಾಟರಿಗೆ ಅದರಲ್ಲಿ ಜಾಗವಿಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿಯ ನೀರು ಊರೂರಿಗೆ ಬೆಳಕು ಕೊಟ್ಟಿತು. ಆ ನೀರಿಗೆ ಜಾಗ ಬಿಟ್ಟುಕೊಟ್ಟ ಸೀಮೆಯವರು ಇವತ್ತಿಗೂ ಕರೆಂಟಿಗೆ ಕಾಯೋದು ನಮಗೆ ವಿಚಿತ್ರ ಅನ್ನಿಸದಿದ್ದರೆ, ವಿಚಿತ್ರ ನಾವೇ.

ಹಾಗಾಗಿ ಈ ದೀಪಾವಳಿ ಬೋನಸ್ಸಿನಲ್ಲಿ ಊರಿನ ಸೋಲಾರ್ ದೊಡ್ಡದು ಮಾಡುವ ಯೋಚನೆ ಇದ್ದರೆ, ಅಂಗಡಿಗೆ ಹೋಗೋ ಮೊದಲು ಮನೆಗೆ ಫೋನ್ ಮಾಡಿ. ‘ಎಷ್ಟು ವಾಟ್ ಬೇಕು’ ಅಂತ ಕೇಳ್ಬೇಡಿ. ‘ಕರೆಂಟ್ ಉಳಿಸೋಕೆ ನೀನು ಏನೇನು ಬಿಟ್ಟಿದ್ದೀಯ’ ಅಂತ ಕೇಳಿ. ಅವರು ಹೇಳಿದ್ದು ಪಟ್ಟಿಯ ಮೊದಲ ಸಾಲಾಗಲಿ. ನಿಮ್ಮ ರೂಟರ್ ಕೊನೆಯ ಸಾಲಲ್ಲಿರಲಿ.