ಬಿಟ್ಟುಬಿಡುವ ಲೆಕ್ಕ

ಕಳೆದ ಸಂಕ್ರಾಂತಿಗೆಂದು ತಿಪಟೂರಿನ ಸಮೀಪದ ನಮ್ಮ ಹಳ್ಳಿಗೆ ಹೋಗಿದ್ದಾಗ, ನನ್ನ ತಂಗಿಯ ಮಗ ತೆಳುವಾದ ಪುಸ್ತಿಕೆಯೊಂದನ್ನು ಹಿಡಿದುಕೊಂಡು ಜಗುಲಿಯ ಮೇಲೆ ಕುಳಿತಿದ್ದ. ಆಗ ಅವನಿಗೆ ಹತ್ತನೆಯ ತರಗತಿ. ಪುಸ್ತಿಕೆಯ ಮೇಲೆ ‘ಗಣಿತ: ಪಾಸಿಂಗ್ ಪ್ಯಾಕೇಜ್’ ಎಂದು ಅಚ್ಚಾಗಿತ್ತು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿಕೊಂಡು ಬಂದವನ ಕಿವಿಗೆ ಆ ಹೆಸರು ಹಿತವಾಗಲಿಲ್ಲವೆಂಬುದು ಬೇರೆ ಮಾತು. ಕುತೂಹಲದಿಂದ ಕೈಗೆ ತೆಗೆದುಕೊಂಡು ಹಾಳೆಗಳನ್ನು ತಿರುವಿದೆ. ಥೇಲ್ಸನ ಪ್ರಮೇಯ, ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮವೆಂಬ ಪ್ರಮೇಯ, ಎರಡು ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವ ಕ್ರಮ, ಸರಾಸರಿ, ಮಧ್ಯಾಂಕ, ಬಹುಲಕ ಇವೆಲ್ಲ ಅಚ್ಚುಕಟ್ಟಾಗಿದ್ದವು. ಇಷ್ಟನ್ನು ಕಣ್ಣು ಮುಚ್ಚಿ ಬರೆಯುವಂತಾದರೆ ನಲವತ್ತು ಅಂಕಕ್ಕೆ ಮೋಸವಿಲ್ಲವೆಂಬ ಭರವಸೆಯನ್ನೂ ಕೊಟ್ಟಿದ್ದರು. ಪಕ್ಕದಲ್ಲಿಯೇ ಅವನ ಪಠ್ಯಪುಸ್ತಕವಿತ್ತು. ಅದರಲ್ಲಿ ಅಲ್ಲಲ್ಲಿ ಇಡೀ ಪ್ರಶ್ನೆಗಳ ಮೇಲೆ ಸೀಸದ ಕಡ್ಡಿಯಿಂದ ಅಡ್ಡಗೀಟು ಎಳೆದಿತ್ತು.

“ಇದೇನೋ ಹೀಗೆ ಗೀಟು ಹಾಕಿದ್ದೀಯ?” ಎಂದೆ.

“ಅವೆಲ್ಲ ಸ್ಟೇಟ್‌ಮೆಂಟ್ ಲೆಕ್ಕ ಮಾವ. ಅವನ್ನ ಬಿಟ್ಬಿಡಿ ಅಂದವ್ರೆ” ಎಂದ.

ಸ್ಟೇಟ್‌ಮೆಂಟ್ ಲೆಕ್ಕವೆಂದರೆ ವಾಕ್ಯರೂಪದಲ್ಲಿ ಕೊಟ್ಟಿರುವ ಲೆಕ್ಕ. ತಂದೆ ಮಗನ ವಯಸ್ಸು, ದೋಣಿಯ ವೇಗ, ಹೊಲದ ಉದ್ದಗಲ, ಹಣ್ಣಿನ ಬೆಲೆ ಮೊದಲಾದುವನ್ನು ಮಾತಿನಲ್ಲಿ ಹೇಳಿ, ಆ ಮಾತನ್ನು ಸಮೀಕರಣವಾಗಿ ಮಾಡಿಕೊಂಡು ಬಿಡಿಸೆನ್ನುವ ಪ್ರಶ್ನೆ. ಒಂದನ್ನು ಬಿಡಿಸು ನೋಡೋಣವೆಂದು ನಾನೇ ಹೇಳಿದೆ: ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಿದೆ, ಹನ್ನೆರಡು ವರ್ಷಗಳ ಅನಂತರ ಎರಡರಷ್ಟಾಗುವುದು, ಮಗನ ವಯಸ್ಸೆಷ್ಟು? ಹುಡುಗ ಹಿಂಜರಿಯಲಿಲ್ಲ. ಮಗನ ವಯಸ್ಸು ಎಕ್ಸ್, ತಂದೆಯದು ಮೂರು ಎಕ್ಸ್. ಅದಕ್ಕೆ ಹನ್ನೆರಡು ಕೂಡಿಸಿ ಎರಡು ಎಕ್ಸ್‌ಗೆ ಸಮಮಾಡಿದ. ಚಕಚಕನೆ ಪಕ್ಷಾಂತರ ಮಾಡಿ, ಮಗನ ವಯಸ್ಸು ಋಣ ಹನ್ನೆರಡು ವರ್ಷವೆಂದು ಬರೆದು, ಉತ್ತರದ ಸುತ್ತ ಚೌಕವನ್ನೂ ಹಾಕಿ ನನ್ನ ಮುಂದಿಟ್ಟ.

ನನಗೆ ನಗು ಬಂತು. ಮರುಕ್ಷಣವೇ ನಾಚಿಕೆಯೂ ಆಯಿತು. ಹುಡುಗನಿಗೆ ಗಣಿತ ಬಾರದೆಂದು ಹೇಳುವಂತಿರಲಿಲ್ಲ. ಸಮೀಕರಣವನ್ನು ಬಿಡಿಸುವುದರಲ್ಲಿ ಅವನು ಎಲ್ಲಿಯೂ ತಪ್ಪಿರಲಿಲ್ಲ. ಆದರೆ ಹನ್ನೆರಡು ವರ್ಷವಾದರೆ ತಂದೆಗೆ ಮಾತ್ರವಲ್ಲ, ಮಗನಿಗೂ ವಯಸ್ಸಾಗುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ. ಇನ್ನೂ ಹುಟ್ಟಲು ಹನ್ನೆರಡು ವರ್ಷವಿರುವ ಮಗನಿಗೆ ಈಗ ತಂದೆಯೊಬ್ಬನಿರುವುದು ಹೇಗೆಂದು ಅವನಿಗೆ ಆಶ್ಚರ್ಯವೂ ಆಗಿರಲಿಲ್ಲ. ಪುಸ್ತಕವನ್ನು ಮುಚ್ಚಿಸಿದೆ. “ನಿನಗೆ ಈಗ ಹದಿನಾರು. ಇನ್ನು ಹನ್ನೆರಡು ವರ್ಷಕ್ಕೆ ನಿಮ್ಮಪ್ಪ ಮುದುಕನಾಗುತ್ತಾನೆ. ನೀನು ಹಾಗೇ ಇರುತ್ತೀಯೇನೋ?” ಎಂದೆ. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. “ಅಯ್ಯೋ, ನನಗೂ ಕೂಡಿಸ್ಬೇಕಲ್ಲ ಮಾವ!” ಎಂದವನೇ ಕಡ್ಡಿಯನ್ನು ಕಿತ್ತುಕೊಂಡ. ಮಗನಿಗೆ ಹನ್ನೆರಡು, ತಂದೆಗೆ ಮೂವತ್ತಾರು. ಮುಂದೆ ಇಪ್ಪತ್ತನಾಲ್ಕು, ನಲವತ್ತೆಂಟು. ಸರಿಹೋಯಿತೆಂದು ತಾನೇ ತಾಳೆ ನೋಡಿಕೊಂಡ.

ಈ ಹುಡುಗನೇ ತಂದೆಯ ಜೊತೆ ತೋಟಕ್ಕೆ ಹೋದಾಗ, ಸಾವಿರ ಕಾಯಿ ಸುಲಿಯುವುದಕ್ಕೆ ಇಷ್ಟು ಕೂಲಿಯೆಂದರೆ ಏಳುನೂರ ಐವತ್ತಕ್ಕೆ ಎಷ್ಟೆಂದು ಬಾಯಲ್ಲೇ ಹೇಳುತ್ತಾನೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲ್ ಕೊಬ್ಬರಿಗೆ ಇಷ್ಟು ಧಾರಣೆಯೆಂದು ಕೇಳಿ ಬಂದರೆ, ತಮ್ಮ ಮೂಟೆಗಳಿಗೆ ಎಷ್ಟು ಬಂದೀತೆಂದು ಮನೆಗೆ ಮುಟ್ಟುವಷ್ಟರಲ್ಲಿ ಲೆಕ್ಕ ಹಾಕಿರುತ್ತಾನೆ. ಮಾತಿನಿಂದ ಲೆಕ್ಕಕ್ಕೆ ಬರುವ ದಾರಿ ಅವನಿಗೆ ತಿಳಿಯದೆ ಇಲ್ಲ. ಪುಸ್ತಕದ ಮಾತು ಮಾತ್ರ ಅವನಿಗೆ ಮಾತೆಂದು ಕಾಣುವುದಿಲ್ಲ. ಅಂಕಿಗಳ ನಡುವೆ ತುಂಬಿರುವ ಹೊಟ್ಟೆಂದು ಕಾಣುತ್ತದೆ.

ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಎಂಬತ್ತು ಅಂಕಗಳಿಗೆ ಲಿಖಿತ ಪರೀಕ್ಷೆ, ಇಪ್ಪತ್ತು ಅಂಕಗಳಿಗೆ ಶಾಲೆಯ ಆಂತರಿಕ ಮೌಲ್ಯಮಾಪನ. ಪ್ರಶ್ನೆಪತ್ರಿಕೆಯ ನೀಲನಕ್ಷೆ, ಮಾದರಿ ಪತ್ರಿಕೆ, ಪೂರ್ವಸಿದ್ಧತಾ ಪರೀಕ್ಷೆ, ಸಂಜೆಯ ವಿಶೇಷ ತರಗತಿ, ಇವೆಲ್ಲವೂ ಬೇಕಾದುವೇ. ನನಗೆ ಅನುಮಾನ ಬಂದಿರುವುದು ಸಿದ್ಧತೆ ಯಾವುದರಿಂದ ಪ್ರಾರಂಭವಾಗುತ್ತದೆಯೆಂಬ ವಿಷಯದಲ್ಲಿ. ಇಂದು ಅದು ಏನನ್ನು ಕಲಿಯಬೇಕೆಂಬುದರಿಂದ ಪ್ರಾರಂಭವಾಗುತ್ತಿಲ್ಲ. ಏನನ್ನು ಬಿಡಬಹುದೆಂಬುದರಿಂದ ಪ್ರಾರಂಭವಾಗುತ್ತಿದೆ. ಹಾಗೆ ಬಿಡುವ ಪಟ್ಟಿಯಲ್ಲಿ ಮೊದಲ ಸ್ಥಾನ ವಾಕ್ಯರೂಪದ ಲೆಕ್ಕಕ್ಕೆ. ಪ್ರಶ್ನೆಪತ್ರಿಕೆಯನ್ನು ಓದಿಕೊಳ್ಳಲೆಂದೇ ಮಂಡಲಿಯವರು ಹದಿನೈದು ನಿಮಿಷಗಳ ಹೆಚ್ಚಿನ ಕಾಲವನ್ನು ಕೊಡುತ್ತಾರಷ್ಟೆ. ಆ ಹದಿನೈದು ನಿಮಿಷಗಳಲ್ಲಿ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದಾರೆಂದು ಹುಡುಗನನ್ನು ಕೇಳಿದೆ. ಉದ್ದವಾಗಿರುವ ಪ್ರಶ್ನೆಗಳಿಗೆ ಗುರುತು ಹಾಕಿಕೊಂಡು ಕೊನೆಗಿಟ್ಟುಕೊಳ್ಳಬೇಕಂತೆ! ಓದುವುದಕ್ಕೆ ಕೊಟ್ಟ ಕಾಲ ಓದದೆ ಇರುವುದಕ್ಕೆ ಉಪಯೋಗವಾಗುತ್ತಿದೆ.

ಇದೇ ಮಾತನ್ನು ಪರಿಚಯದ ಪ್ರೌಢಶಾಲಾ ಗಣಿತ ಮೇಷ್ಟರೊಬ್ಬರ ಮುಂದೆ ಎತ್ತಿದೆ. ಅವರು ಸಿಟ್ಟಾಗಲಿಲ್ಲ. “ಸ್ವಾಮಿ, ತಾವು ಹೇಳುವುದು ಸರಿ. ಆದರೆ ನನ್ನ ಮುಂದೆ ಐವತ್ತು ಮಕ್ಕಳಿದ್ದಾರೆ. ಅವರಲ್ಲಿ ಇಪ್ಪತ್ತು ಮಂದಿಗೆ ಭಾಗಾಕಾರ ಬಾರದು. ಡಿಸೆಂಬರ್ ಮುಗಿಯುವಷ್ಟರಲ್ಲಿ ಪಾಠ ಮುಗಿಸಬೇಕು. ಫಲಿತಾಂಶ ಕಡಮೆಯಾದರೆ ಕಾರಣ ಕೇಳಿ ಕಾಗದ ಬರುತ್ತದೆ. ಅದಿರಲಿ, ಫೇಲಾದ ಹೆಣ್ಣುಮಗಳನ್ನು ಅವರಪ್ಪ ಇನ್ನೊಂದು ಸಲ ಪರೀಕ್ಷೆಗೆ ಕಳುಹಿಸುವನೆಂದು ತಾವು ಬಲ್ಲಿರಾ? ನಾನು ಅವಳಿಗೆ ಗಣಿತ ಕಲಿಸಲಿಲ್ಲ, ನಿಜ. ಆದರೆ ಅವಳನ್ನು ದಾಟಿಸಿದೆ” ಎಂದರು. ಈ ಮಾತಿಗೆ ಉತ್ತರ ಹೇಳುವುದು ಸುಲಭವಲ್ಲ. ಹಳ್ಳಿಯ ಶಾಲೆಯಲ್ಲಿ ದುಡಿಯದೆ ಪಟ್ಟಣದ ಕಾಲೇಜಿನಲ್ಲಿ ಕುಳಿತು ಬರೆಯುವ ನನ್ನಂಥವನು ಅವರನ್ನು ದೂರಹೊರಟರೆ ಅದು ಅನ್ಯಾಯ.

ಅದಕ್ಕಿಂತ ಮುಖ್ಯವಾಗಿ, ನಾನೇನು ಸಾಚಾ ಅಲ್ಲ. ಪಂಪನ ಭಾಗವನ್ನು ಪಾಠಮಾಡುವಾಗ ಈ ಪದ್ಯ ಪರೀಕ್ಷೆಗೆ ಬರತಕ್ಕದ್ದು, ಇದು ಬಾರದು ಎಂದು ವಿದ್ಯಾರ್ಥಿಗಳಿಂದ ಗುರುತು ಹಾಕಿಸಿದ ದಿನಗಳು ನನಗೂ ಉಂಟು. ಸಂದರ್ಭ ಬರೆಯಲು ನಾಲ್ಕು ಸಾಲಿನ ಟಿಪ್ಪಣಿಯನ್ನು ನಾನೇ ಬರೆಯಿಸಿದ್ದೇನೆ. ಆ ಗೀಟು ಹಾಕಿದ ಪುಸ್ತಕವನ್ನು ನೋಡಿದಾಗ ನಾಚಿಕೆಯಾಯಿತೆಂದೆನಲ್ಲ, ಅದು ಇದರಿಂದಲೇ.

ಪರೀಕ್ಷೆಯ ಆಕಾರ ಬದಲಾದಂತೆಲ್ಲ ಸಿದ್ಧತೆಯ ಆಕಾರವೂ ಬದಲಾಗುತ್ತದೆ. ೨೦೨೧ರಲ್ಲಿ ಕೋವಿಡ್ ಕಾರಣದಿಂದ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಮೂರಕ್ಕೂ ಜುಲೈ ೧೯ರಂದು ಒಂದೇ ದಿನ ಬಹುಆಯ್ಕೆಯ ಪರೀಕ್ಷೆ ನಡೆಯಿತು. ಆ ವರ್ಷ ಮಕ್ಕಳು ಅಭ್ಯಾಸ ಮಾಡಿದ್ದು ವೃತ್ತಗಳಿಗೆ ಮಸಿ ತುಂಬುವುದನ್ನು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇಕಡ ೮೩.೮೯ ಇದ್ದ ಒಟ್ಟು ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಮೊದಲನೆಯ ಪರೀಕ್ಷೆಯಲ್ಲಿ ಶೇಕಡ ೭೩.೪೦ಕ್ಕೆ ಇಳಿಯಿತು. ಇದು ಗಣಿತವೊಂದರ ಲೆಕ್ಕವಲ್ಲವಾದರೂ, ಅಷ್ಟು ವರ್ಷ ನಮ್ಮ ಅಂಕಗಳು ಯಾವುದರ ಮೇಲೆ ನಿಂತಿದ್ದವೆಂದು ಯೋಚಿಸುವಂತೆ ಮಾಡಿತು.

ವಾಕ್ಯರೂಪದ ಲೆಕ್ಕ ನಮಗೆ ಹೊರಗಿನಿಂದ ಬಂದುದೆಂದು ಯಾರೂ ತಿಳಿಯಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನೆಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಆ ಗ್ರಂಥದ ತುಂಬ ಇಂಥ ಲೆಕ್ಕಗಳೇ. ತಾವರೆಗೊಳಗಳು, ದುಂಬಿಗಳು, ಮಾವಿನ ಹಣ್ಣು ಹಂಚಿಕೊಳ್ಳುವವರು, ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡು ಇದು ನನಗೆ ಸೇರಿದರೆ ನಾನು ನಿಮಗಿಂತ ಇಷ್ಟುಪಟ್ಟು ಸಿರಿವಂತನಾಗುವೆನೆಂದುಕೊಳ್ಳುವ ವರ್ತಕರು, ಎಲ್ಲರೂ ಅಲ್ಲಿದ್ದಾರೆ. ಚೀಲದಲ್ಲಿದ್ದ ಹಣವೆಷ್ಟೆಂದು ತಿಳಿಯಬೇಕಾದರೆ ಮೊದಲು ವರ್ತಕರ ಮಾತನ್ನು ಕೇಳಿಸಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕವನ್ನು ಕನ್ನಡದ ಗದ್ಯಪದ್ಯಗಳಲ್ಲಿ ಹೇಳಿದವನು ಅವನು. ಗಣಿತವೂ ಭಾಷೆಯೂ ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತಿರಬೇಕೆಂದು ಇವರಾರೂ ಭಾವಿಸಿದಂತೆ ತೋರುವುದಿಲ್ಲ.

ಇಂದಿನ ಪುಸ್ತಕದ ಕನ್ನಡ ಹೇಗಿದೆಯೆಂಬುದನ್ನೂ ನೋಡಬೇಕು. ನಮ್ಮ ಹತ್ತನೆಯ ತರಗತಿಯ ಗಣಿತ ಪುಸ್ತಕ ಎನ್.ಸಿ.ಇ.ಆರ್.ಟಿ.ಯ ಅನುವಾದ. ಇಂಗ್ಲಿಷಿನಲ್ಲಿ ನಾಮಪದ ಮೊದಲು ಬಂದು ವಿವರ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ವಿವರವೆಲ್ಲ ಮುಂದೆ ಬಂದು ನಾಮಪದ ಕೊನೆಗೆ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನ ಒಂದು ವಾಕ್ಯವನ್ನು ಕನ್ನಡದಲ್ಲಿಯೂ ಒಂದೇ ವಾಕ್ಯವಾಗಿ ಉಳಿಸಬೇಕೆಂದು ಹಟ ಹಿಡಿದರೆ ಏನಾಗುವುದೆಂಬುದಕ್ಕೆ ನಾನೇ ಒಂದು ಮಾದರಿ ಮಾಡಿ ತೋರಿಸುತ್ತೇನೆ: ‘ಅಂಕಿಗಳ ಮೊತ್ತವು ೧೧ ಆಗಿರುವ ಎರಡಂಕಿಯ ಸಂಖ್ಯೆಯೊಂದರಿಂದ ಅದರ ಅಂಕಿಗಳನ್ನು ಅದಲುಬದಲು ಮಾಡಿದಾಗ ದೊರೆಯುವ ಸಂಖ್ಯೆಯನ್ನು ಕಳೆದರೆ ೨೭ ಉಳಿಯುವುದಾದರೆ ಆ ಸಂಖ್ಯೆಯನ್ನು ಕಂಡುಹಿಡಿಯಿರಿ.’ ಇದರಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಯಾವ ಸಂಖ್ಯೆ, ಯಾವುದರಿಂದ ಯಾವುದನ್ನು ಕಳೆದದ್ದು, ಎಂದು ಕನ್ನಡ ಎಂ.ಎ. ಆದವನೂ ಎರಡು ಸಲ ಓದಬೇಕು. ಇದನ್ನೇ ಬಿಡಿಸಿ ಬರೆಯಬಹುದು: ‘ಎರಡಂಕಿಯ ಒಂದು ಸಂಖ್ಯೆಯಿದೆ. ಅದರ ಅಂಕಿಗಳನ್ನು ಕೂಡಿದರೆ ೧೧. ಅಂಕಿಗಳನ್ನು ಅದಲುಬದಲು ಮಾಡಿದರೆ ಇನ್ನೊಂದು ಸಂಖ್ಯೆ ಸಿಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ೨೭ ಉಳಿಯುತ್ತದೆ. ಮೊದಲನೆಯ ಸಂಖ್ಯೆ ಯಾವುದು?’ ಎರಡನ್ನೂ ನನ್ನ ಸೋದರಳಿಯನಿಗೆ ಕೊಟ್ಟೆ. ಮೊದಲನೆಯದಕ್ಕೆ ತಲೆಯಾಡಿಸಿದ. ಎರಡನೆಯದನ್ನು ಓದಿ ಎಪ್ಪತ್ತನಾಲ್ಕು ಎಂದ. ಎರಡರಲ್ಲಿಯೂ ಇರುವ ಗಣಿತ ಒಂದೇ.

‘ಕ್ರಮವಾಗಿ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಎರಡು ಪಾತ್ರೆಗಳ ತ್ರಿಜ್ಯಗಳು ಕ್ರಮವಾಗಿ ಇಷ್ಟು ಮತ್ತು ಇಷ್ಟು ಎಂದರೆ, ಮೊದಲಿನದಕ್ಕೆ ಮೊದಲಿನದು, ಎರಡನೆಯದಕ್ಕೆ ಎರಡನೆಯದು ಎಂದರ್ಥ. ಹಳ್ಳಿಯ ಹುಡುಗ ಈ ಮಾತನ್ನು ಆಡಿಯೂ ಇಲ್ಲ, ಕೇಳಿಯೂ ಇಲ್ಲ. ‘ಕ್ರಮಾಗತ’ಕ್ಕೂ ಇದಕ್ಕೂ ಇರುವ ಭೇದವನ್ನು ಅವನಿಗೆ ಹೇಳಬೇಕಾದವರು ಯಾರು? ಗಣಿತದವರು ಅದು ಭಾಷೆಯೆನ್ನುತ್ತಾರೆ. ಕನ್ನಡದವರು ಅದು ಗಣಿತವೆನ್ನುತ್ತೇವೆ. ನಮ್ಮಿಬ್ಬರ ನಡುವೆ ಹುಡುಗ ಅದನ್ನು ಬಿಡುತ್ತಾನೆ.

ಆದುದರಿಂದ ನನ್ನ ಸೂಚನೆ ಸಣ್ಣದು. ಹತ್ತನೆಯ ತರಗತಿಗೆ ನಡೆಯುವ ವಿಶೇಷ ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆ ಗಣಿತದ ಪುಸ್ತಕವನ್ನು ಕನ್ನಡದ ಉಪಾಧ್ಯಾಯರ ಕೈಗೆ ಕೊಡಲಿ. ಅವರು ಲೆಕ್ಕ ಮಾಡಿಸಬೇಕಾಗಿಲ್ಲ. ಗಟ್ಟಿಯಾಗಿ ಓದಿಸಲಿ, ಯಾರು ಯಾರಿಗೆ ಏನು ಕೊಟ್ಟರು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಲಿ, ಅದನ್ನೇ ತಮ್ಮೂರಿನ ಮಾತಿನಲ್ಲಿ ಹೇಳಿಸಲಿ. ಸಮೀಕರಣದ ಕೆಲಸ ಗಣಿತ ಮೇಷ್ಟರಿಗಿರಲಿ. ಅತ್ತ ಮಂಡಲಿಯವರೂ ಪ್ರಶ್ನೆಪತ್ರಿಕೆಯ ಕನ್ನಡವನ್ನು ಅಚ್ಚಿಗೆ ಕಳುಹಿಸುವ ಮುನ್ನ, ಇಂಗ್ಲಿಷ್ ಪ್ರತಿಯನ್ನು ನೋಡದ ಒಬ್ಬರಿಂದ ಓದಿಸಲಿ. ಇದರಿಂದ ನಲವತ್ತು ಅಂಕದ ಪಟ್ಟಿಯೇನೂ ಮಾಯವಾಗದು. ದಾಟಿಸಬೇಕಾದ ಮಕ್ಕಳನ್ನು ಅದು ದಾಟಿಸಲಿ. ಆದರೆ ಸಾಮರ್ಥ್ಯವಿರುವ ಮಗುವಿನ ಪುಸ್ತಕದ ಮೇಲೂ ಅದೇ ಗೀಟು ಎಳೆಯಬೇಕಾಗಿಲ್ಲ.

ಪರೀಕ್ಷೆ ಮುಗಿದ ದಿನ ಸಂಜೆ ಹುಡುಗನಿಗೆ ಫೋನು ಮಾಡಿದ್ದೆ. ಪತ್ರಿಕೆ ಸುಲಭವಾಗಿತ್ತಂತೆ, ಪ್ರಮೇಯವೂ ಬಂತಂತೆ, ನಕ್ಷೆಯೂ ಬಂತಂತೆ. ವಾಕ್ಯರೂಪದ ಲೆಕ್ಕವೇನಾಯಿತೆಂದು ಕೇಳಿದೆ.

“ಓದಿದಾಗ್ಲೇ ಗೊತ್ತಾಯ್ತು ಮಾವ. ಆದ್ರೆ ಮೇಷ್ಟ್ರು ಕೊನೆಗಿಟ್ಕೊಳ್ಳಿ ಅಂದಿದ್ರಲ್ಲ, ಇಟ್ಕೊಂಡಿದ್ದೆ. ಅಷ್ಟರಲ್ಲಿ ಬೆಲ್ ಹೊಡೆದ್ರು” ಎಂದ. ಸ್ವಲ್ಪ ತಡೆದು, “ಮನೆಗೆ ಬಂದು ಮಾಡಿ ನೋಡ್ದೆ. ಬಂತು” ಎಂದ.